ಎಡಗಡೆಯ ಪೆಟ್ಟಿಗೆ

ಭಾವನ ಸ್ಪೀಕರ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನನ್ನ ಅಕ್ಕನನ್ನು ನಂಬಿಸಿದವನು ನಾನು. ಅವಳು ನಂಬಲಿ ಎಂದೇ ಅದರ ವೈರು ಕಿತ್ತವನೂ ನಾನು.

ಇಷ್ಟು ಬರೆಯುವುದಕ್ಕೆ ವರ್ಷಗಳೇ ಹಿಡಿದವು. ಬರೆದ ಮೇಲೆ ನೋಡಿದರೆ ಅಂಥ ದೊಡ್ಡ ಅಪರಾಧದಂತೆ ಕಾಣುವುದಿಲ್ಲ — ಹಳೆಯದೊಂದು ಸ್ಪೀಕರು, ಸಣ್ಣದೊಂದು ಸುಳ್ಳು. ಆಗ ನನಗೂ ಹಾಗೇ ಕಂಡಿತ್ತು. ಹಾಗೆ ಕಾಣದಿದ್ದರೆ ಹೇಳುತ್ತಿರಲಿಲ್ಲವೋ ಏನೋ — ಇಲ್ಲ, ಈ ಮಾತೂ ಸುಳ್ಳು. ಹೇಳುತ್ತಿದ್ದೆ.

ನಾನು ಬೀಜಾಡಿಯವನು. ಮೀನುಗಾರರ ಮನೆ. ನನಗಿಂತ ಮುಂಚೆ ನಮ್ಮಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇರಲಿಲ್ಲ. ಅಪ್ಪ ಕಾಲಿನ ಸ್ವಾಧೀನ ತಪ್ಪಿ ಮನೆಯಲ್ಲಿ ಕೂತ ಮೇಲೆ ಅಕ್ಕ ಗುಲಾಬಿ ಶಾಲೆ ಬಿಟ್ಟು ಬುಟ್ಟಿ ಹೊತ್ತಳು. ಬೆಳಿಗ್ಗೆ ಬಂದರಿನ ಏಲಂನಲ್ಲಿ ಹರಾಜು ಕೂಗಿ ಮೀನು ಕೊಂಡು, ತಲೆಯ ಮೇಲಿಟ್ಟುಕೊಂಡು, ಕೋಟೇಶ್ವರದ ಓಣಿ ಓಣಿ ಕೂಗಿ ಮಾರಿದಳು. ನಾನು ಓದಿದೆ. ಬಿ.ಎಸ್ಸಿ. ಪಾಸಾದ ದಿನ ಅವಳು ಮೀನು ಮಾರ್ಕೆಟ್ಟಿನ ನಡುವೆ ನಿಂತು ಡಂಗುರ ಹೊಡೆದಳು.

"ಹ್ವಾಯ್! ನನ್ ತಮ್ಮ ಬಿ.ಎಸ್ಸಿ. ಪಾಸ್ ಆಯ್ದ! ಇವತ್ ಬಂಗ್ಡಿ ತಕಂಡೋರಿಗೆಲ್ಲ ಒಂದೊಂದ್ ಹೆಚ್ಚ್!"

ನಾನು ಐಸ್ ಪೆಟ್ಟಿಗೆಗಳ ಹಿಂದೆ ಸರಿದು ನಿಂತಿದ್ದೆ. ಹೆಮ್ಮೆಯೂ ಆಗಿತ್ತು. ನಾಚಿಕೆಯೂ ಆಗಿತ್ತು. ನಾಚಿಕೆ ನನ್ನ ಪಾಸಿನ ಬಗ್ಗೆ ಅಲ್ಲ, ಅವಳ ಗಂಟಲಿನ ಬಗ್ಗೆ.

ಆ ಗಂಟಲಿನ ಮಾತು ಇಲ್ಲೇ ಹೇಳಿಬಿಡಬೇಕು. ಪಕ್ಕದಲ್ಲೇ ಕೂತವರ ಹತ್ತಿರವೂ ಅಕ್ಕ ಓಣಿಯ ಆ ತುದಿಯವರನ್ನು ಕರೆದಂತೆ ಮಾತಾಡುತ್ತಿದ್ದಳು. ನಾನು ಬಿ.ಎಡ್. ಮುಗಿಸಿ, ಮತ್ತೂ ಓದಿ, ಬ್ರಹ್ಮಾವರದ ಒಂದು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾದ ಮೇಲೆ ಅವಳು ಬಂದಾಗೆಲ್ಲ ಹೇಳುತ್ತಿದ್ದೆ — ಅಕ್ಕ, ಸ್ವಲ್ಪ ಮೆಲ್ಲಗೆ. ಅವಳು ನಗುತ್ತಿದ್ದಳು. "ಮೆಲ್ಲಗ್ ಮಾತಾಡ್ರೆ ಮೀನ್ ಬುಟ್ಟಿಯಂಗೇ ಕೊಳೀತ್ ಮಾರಾಯ. ನಿನ್ ಪಾಠ ಕೊಳಿಯುದಿಲ್ಲ, ನೀನ್ ಮೆಲ್ಲಗ್ ಮಾಡ್."

ನಮ್ಮ ಕಡೆ ಮೀನು ಮಾರುವ ಹೆಂಗಸು ಜೋರಾಗಿ ಮಾತಾಡಿದರೆ ಅವಳ ಕಿವಿಯನ್ನು ಯಾರೂ ಅನುಮಾನಿಸುವುದಿಲ್ಲ. ಕಸುಬಿನ ಗಂಟಲು ಅಂದುಕೊಳ್ಳುತ್ತಾರೆ. ಅಕ್ಕನ ದನಿ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಿದ್ದು ಹೀಗೆ ಯಾರ ಗಮನಕ್ಕೂ ಬರಲಿಲ್ಲ. ನನ್ನ ಗಮನಕ್ಕೆ ಮಾತ್ರ ಬಂತು. ಬಂದದ್ದು ಹೇಗೆ ಅಂದರೆ —

ಬ್ರಹ್ಮಾವರದಲ್ಲಿ ನಾನು ಮನೆ ಕಟ್ಟಿಸಿದೆ. ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಅಕ್ಕ ರಿಕ್ಷಾದಲ್ಲಿ ಎರಡು ದೊಡ್ಡ ಮರದ ಪೆಟ್ಟಿಗೆ ಹೇರಿಕೊಂಡು ಬಂದಳು. ಶೀನ ಭಾವನ ಸ್ಪೀಕರುಗಳು. ಭಾವ ಎಂದರೆ ಅವಳ ಗಂಡ. ಮುಂಬಯಿಯ ಹೋಟೆಲಿನಲ್ಲಿ ಬಹಳ ಕಾಲ ಇದ್ದವರು. ಊರಿಗೆ ವಾಪಸು ಬರುವಾಗ ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ತಂದದ್ದು ಈ ಜೋಡಿಯನ್ನೇ. ಭಾನುವಾರ ಯಕ್ಷಗಾನದ ಕ್ಯಾಸೆಟ್ ಹಾಕಿದರೆ ಚೆಂಡೆಯ ಹೊಡೆತಕ್ಕೆ ಮಾಡಿನ ಹಂಚು ಗುಂಯ್‌ಗುಡುತ್ತಿತ್ತು. ಭಾವ ತೀರಿಹೋದ ಮೇಲೆ ಆಂಪ್ಲಿಫೈಯರ್ ತುಕ್ಕು ಹಿಡಿದು ಹೋಯಿತು. ಪೆಟ್ಟಿಗೆಗಳು ಮಾತ್ರ ಉಳಿದವು, ಅವರದೇ ಲುಂಗಿ ಹೊದ್ದುಕೊಂಡು.

"ನಿನ್ ಮನಿಯಂಗ್ ಆದ್ರೂ ಇವು ಕೂಗ್ಲಿ," ಅಂದಳು. "ನಮ್ಮನಿಯಂಗ್ ಮೂಕ ಆಯಿ ಕೂತಿದೊ. ನಂಗೊಂದ್ಸಲ ಕೇಣ್ಕ್."

ಒಮ್ಮೆ ಕೇಳಬೇಕು — ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನನ್ನ ಹಾಲ್‌ನಲ್ಲಿ ಟಿ.ವಿ.ಯ ಪಕ್ಕ ಹೊಸ ಸ್ಪೀಕರುಗಳಿದ್ದವು. ಸೋಫಾದ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಭಾವನ ಪೆಟ್ಟಿಗೆ ಇಟ್ಟರೆ ನಾಲ್ಕೂ ಕಡೆಯಿಂದ ಸುತ್ತಿ ಬರುವ ಶಬ್ದ ಸಿಗುತ್ತದೆ ಎಂದು ನನಗೆ ಹೊಳೆಯಿತು. ಆದರೆ ನೆಲಕ್ಕೆ ಟೈಲ್ಸ್ ಹಾಕಿ ಮುಗಿದಿತ್ತು, ಗೋಡೆಯೊಳಗೆ ಪೈಪು ಬಿಟ್ಟಿರಲಿಲ್ಲ. ಹಾಲ್ ಅಡ್ಡಲಾಗಿ ವೈರು ಎಳೆದರೆ ಮನೆಯಲ್ಲಿ ತಾನಿರುವುದಿಲ್ಲ ಎಂದು ಹೆಂಡತಿ ವಸಂತಿ ಹೇಳಿದ್ದಳು. ಹಾಗಾಗಿ ವೈರ್‌ಲೆಸ್ ಕಿಟ್ ತರಿಸಿದೆ. ಟಿ.ವಿ.ಯ ಹತ್ತಿರ ಶಬ್ದ ಕಳಿಸುವ ಚಿಕ್ಕ ಡಬ್ಬಿ, ಸೋಫಾದ ಹಿಂದೆ ಅದನ್ನು ಹಿಡಿಯುವ ಇನ್ನೊಂದು ಡಬ್ಬಿ. ಭಾವನ ಸ್ಪೀಕರುಗಳಿಗೆ ಸ್ವಂತ ಶಕ್ತಿ ಇಲ್ಲ, ಅವಕ್ಕೆ ಕರೆಂಟಿನ ಪ್ಲಗ್ಗೇ ಇಲ್ಲ; ಆಂಪ್ಲಿಫೈಯರ್ ತಳ್ಳಿದರಷ್ಟೇ ನುಡಿಯುವ ಜಾತಿ. ಆ ಹಿಂದಿನ ಡಬ್ಬಿಯೊಳಗೆ ಆಂಪ್ಲಿಫೈಯರೂ ಇತ್ತು. ಅದಕ್ಕೆ ಕರೆಂಟ್ ಕೊಟ್ಟು, ಅದರಿಂದ ಎರಡೂ ಪೆಟ್ಟಿಗೆಗೆ ಗಿಡ್ಡ ವೈರು ಎಳೆದರೆ ಆಯಿತು.

"ವೈರ್‌ಲೆಸ್ ಅಂದ್ರಿ. ಹಿಂದೆ ಇದೆಂತ ಬಾಲ?" ಅಂದಳು ವಸಂತಿ.

ಹಾಲ್ ದಾಟುವ ವೈರು ಇಲ್ಲ, ಅದೇ ವೈರ್‌ಲೆಸ್ ಎಂದೆ. ಎಲೆಕ್ಟ್ರಿಷಿಯನ್ನನ್ನು ಕರೆಯೋಣವೆಂದಳು. ಬೇಡ ಎಂದೆ. ಧ್ವನಿಯ ಪಾಠ ಮಾಡುವವನು ನಾನು, ಎರಡು ವೈರು ಸಿಕ್ಕಿಸುವುದಕ್ಕೆ ಬೇರೆಯವರೇ? ಓದಿದ್ದೇನೆ ಎಂಬ ಜಂಬ ನನಗೆ ಆಗ ತುಂಬಾ ಇತ್ತು. ಈಗಲೂ ಇದೆ. ಅದನ್ನು ಕಷ್ಟಪಟ್ಟು ಗಳಿಸಿದ್ದೇನೆ — ಗಳಿಸಿಕೊಟ್ಟವಳು ಸೋಫಾದ ಮೇಲೆ ಕೂತಿದ್ದಳು.

ಅದು ಒಂದು ಭಾನುವಾರದ ಮಧ್ಯಾಹ್ನ. ಸಂಜೆ ಪ್ರಾಂಶುಪಾಲರೂ ಸಹೋದ್ಯೋಗಿಗಳೂ ಹೊಸ ಮನೆ ನೋಡಲು ಬರುವವರಿದ್ದರು. ಅಕ್ಕ ಪೆಟ್ಟಿಗೆ ನುಡಿಯುವುದನ್ನು ಕೇಳಲೆಂದೇ ಬೀಜಾಡಿಯಿಂದ ಬಂದಿದ್ದಳು. ಅವರು ಬರುವುದರೊಳಗೆ ಅವಳನ್ನು ಬಸ್ಸು ಹತ್ತಿಸಬೇಕು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಇದನ್ನೂ ಬರೆಯಬೇಕಲ್ಲ. ಬರೆದಿದ್ದೇನೆ.

ಇಂಥ ಯಂತ್ರಗಳಲ್ಲಿ ಒಂದು ಪರೀಕ್ಷೆ ಇರುತ್ತದೆ. ಗುಂಡಿ ಒತ್ತಿದರೆ ಒಂದೊಂದೇ ಸ್ಪೀಕರಿನಿಂದ 'ಶ್ಶ್' ಎಂದು ಮಳೆ ಹುಯ್ದಂಥ ಸದ್ದು ಬರುತ್ತದೆ. ಯಾವುದರ ಸದ್ದು ಎಷ್ಟಿದೆ ನೋಡಿ ಹೊಂದಿಸಿಕೊಳ್ಳಬೇಕು. ಅಕ್ಕನನ್ನು ಸೋಫಾದ ನಡುವೆ ಕೂರಿಸಿ, ಸದ್ದು ಬಂದ ಕಡೆ ಕೈ ತೋರಿಸು ಎಂದೆ. ಹಿಂದಿನ ಬಲಗಡೆಯ ಪೆಟ್ಟಿಗೆ ನುಡಿಯಿತು. ಅವಳು ಬಲಕ್ಕೆ ಕೈ ಮಾಡಿದಳು, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಎಡಗಡೆಯದು ನುಡಿಯಿತು. ಆಗಲೂ ಬಲಕ್ಕೇ ಕೈ ಮಾಡಿದಳು.

"ಮತ್ತೂ ಅಲ್ಲಿಂದೇ ಬಂತಲೆ!"

ವೈರು ಅದಲುಬದಲಾಗಿದೆ ಅಂದುಕೊಂಡೆ. ಬಗ್ಗಿ ನೋಡಿದೆ, ಸರಿಯಾಗಿತ್ತು. ಮತ್ತೊಮ್ಮೆ ಒತ್ತಿದೆ. ಎಡಗಡೆಯ ಪೆಟ್ಟಿಗೆಯ ಬಟ್ಟೆಯ ಮೇಲೆ ಅಂಗೈ ಇಟ್ಟೆ — ನಡುಗುತ್ತಿತ್ತು, ಭಾವನ ಕಾಲದಲ್ಲಿ ನಡುಗುತ್ತಿದ್ದ ಹಾಗೇ. ಅಕ್ಕ ಬಲಕ್ಕೆ ಕೈ ಮಾಡಿ ಕೂತಿದ್ದಳು.

ಮೂರನೆಯ ಸಲ ಒತ್ತುವಾಗ ಅವಳು ಬೇಸರ ಬಂದು ಸೋಫಾದ ಕೈಗೆ ಮೊಳಕೈ ಊರಿ, ಬಲಗೆನ್ನೆಯನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಅಂಗೈ ಬಲಗಿವಿಯನ್ನು ಮುಚ್ಚಿತ್ತು. ಸದ್ದು ಹಾಲ್ ತುಂಬ ಇತ್ತು. ಅಡುಗೆಮನೆಯಿಂದ ವಸಂತಿ "ಸಾಕು ಮಾರಾಯ್ರೆ" ಎಂದು ಕೂಗಿದಳು. ಅಕ್ಕ ನನ್ನ ಮುಖ ನೋಡುತ್ತಾ ಕೇಳಿದಳು —

"ಎಂತ, ಶುರು ಮಾಡುದಿಲ್ಯಾ?"

ಆ ಕ್ಷಣ ನನಗೆ ಗೊತ್ತಾಯಿತು. ಒಂದು ಶಬ್ದ ಎಡದ್ದೋ ಬಲದ್ದೋ ಎಂದು ತಿಳಿಯಲು ಎರಡೂ ಕಿವಿ ಬೇಕು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ತಲೆಯ ಚಿತ್ರ ಬರೆದು ಹೇಳಿಕೊಡುವವನು ನಾನು. ಅಕ್ಕನ ಎಡಗಿವಿ ಸತ್ತಿತ್ತು. ಅವಳಿಗೇ ಗೊತ್ತಿಲ್ಲದ ಹಾಗೆ, ಮೆಲ್ಲಮೆಲ್ಲನೆ, ಯಾವಾಗಲೋ.

ನನ್ನ ಮುಖದಲ್ಲಿ ಏನು ಕಂಡಳೋ. ಕಿವಿಯ ಮೇಲಿನ ಕೈ ಕೆಳಗಿಳಿಸಿ ಕೇಳಿದಳು. ನೇರವಾಗಿಯೇ ಕೇಳಿದಳು. ಅವಳು ಕೇಳದಿದ್ದಿದ್ದರೆ ಮರೆತಿದ್ದೆ, ತೋಚಲಿಲ್ಲ ಎಂದೆಲ್ಲ ಹೇಳಿಕೊಳ್ಳಲು ನನಗೆ ಜಾಗವಾದರೂ ಇರುತ್ತಿತ್ತು.

"ತಮ್ಮ, ಹಾಳಾದ್ದ್ ಪೆಟ್ಗಿಯಾ, ನನ್ ಕೆಮಿಯಾ?"

ನಾನು ಹೇಳಿದೆ: "ನಿನ್ನ ಕೆಮಿಗೆ ಎಂತ ಆಯ್ದಿಲ್ಲ ಅಕ್ಕ. ಭಾವನ ಎಡಗಡೆ ಪೆಟ್ಗಿ ಹೋಯ್ತ್. ಅದಕ್ಕೇ ಎಲ್ಲ ಬಲದಿಂದ ಬತ್ತಿತ್ತ್."

ಅವಳು ಎದ್ದು ಬರುತ್ತಿದ್ದಳು, ಪೆಟ್ಟಿಗೆಗೆ ಕಿವಿ ಕೊಟ್ಟು ನೋಡಲು. ಯಾವ ಕಿವಿ ಕೊಡುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳು ಸೋಫಾ ಸುತ್ತಿ ಬರುವಷ್ಟರಲ್ಲಿ ನಾನು ಹಿಂದಿನ ಡಬ್ಬಿಗೆ ಕೈ ಹಾಕಿ ಎಡಗಡೆಯ ವೈರು ಕಿತ್ತೆ. ಅವಳು ಬಗ್ಗಿ ಬಲಗಿವಿಯನ್ನು ಪೆಟ್ಟಿಗೆಗೆ ಒತ್ತಿದಳು. ಬಹಳ ಹೊತ್ತು ಒತ್ತಿದಳು. ಆಮೇಲೆ ಅದರ ತಲೆಯ ಮೇಲೆ ಕೈ ಆಡಿಸಿ, "ಉಪ್ಪ್ ಗಾಳಿಯಂಗ್ ಇಟ್ಟ್ ನಾನೇ ಕೊಂದೆ ಇದನ್ನ," ಅಂದಳು.

ಯಾಕೆ? ಇದನ್ನು ನನ್ನನ್ನೇ ಸಾಕಷ್ಟು ಕೇಳಿಕೊಂಡಿದ್ದೇನೆ. ಹೊಸ ಮನೆಯ ಖುಷಿಯಲ್ಲಿ ಅವಳು ಅಳುವುದು ಬೇಡ ಎಂದು — ಇದು ನಾನು ಬಹಳ ಕಾಲ ಇಟ್ಟುಕೊಂಡಿದ್ದ ಉತ್ತರ. ನಿಜ ಬೇರೆ. ಸಂಜೆ ಜನ ಬರುವವರಿದ್ದರು. ಕಿವಿ ಎಂದರೆ ಡಾಕ್ಟರು, ಡಾಕ್ಟರು ಎಂದರೆ ರಜೆ, ಓಡಾಟ. ಭಾವ ಇಲ್ಲ, ಮಗಳು ಶ್ವೇತಾ ಮದುವೆಯಾಗಿ ಶಿರೂರಿನಲ್ಲಿ ಚಿಕ್ಕ ಮಕ್ಕಳ ನಡುವೆ ಇದ್ದಾಳೆ, ಓಡಾಡಬೇಕಾದವನು ನಾನೊಬ್ಬನೇ. ನನಗೆ ಗೊತ್ತಾಗದೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗಾಗಿ ಗೊತ್ತಾಗದ ಹಾಗೆ ಮಾಡಿಕೊಂಡೆ. ಮತ್ತೂ ಒಂದಿದೆ, ಅದನ್ನು ಬರೆಯಲು ಕೈ ಬರುವುದಿಲ್ಲ — ಕಿವುಡಿ ಅಕ್ಕ ಎಂದರೆ ಇನ್ನೂ ಜೋರು ದನಿ. ಆ ದನಿಯನ್ನು ನಾನು ಸಹೋದ್ಯೋಗಿಗಳ ಮುಂದೆ...

ಅವಳನ್ನು ಬಸ್ಸು ಹತ್ತಿಸಿ ಬಂದು ವೈರು ಮತ್ತೆ ಸಿಕ್ಕಿಸಿದೆ. ಸಂಜೆ ಸಿನಿಮಾದ ಒಂದು ದೃಶ್ಯ ಹಾಕಿದೆ. ಬೈಕೊಂದು ನಮ್ಮ ಬೆನ್ನ ಹಿಂದೆ ಬಲದಿಂದ ಎಡಕ್ಕೆ ಹಾದುಹೋಯಿತು. ಪ್ರಾಂಶುಪಾಲರು ಚಾ ಲೋಟ ಹಿಡಿದುಕೊಂಡೇ ಗಕ್ಕನೆ ಎಡಕ್ಕೆ ಕತ್ತು ತಿರುಗಿಸಿದರು. "ಭಾರೀ ಆಯ್ತಲ್ಲ ಮಾರಾಯ್ರೆ! ಹಳೇ ಪೆಟ್ಟಿಗೆ ಅಂತ ಯಾರು ಹೇಳ್ತಾರೆ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾದ ಮೇಲೆ ಅಕ್ಕ ಬರುತ್ತೇನೆಂದು ಫೋನು ಮಾಡಿದಾಗೆಲ್ಲ ನಾನು ಸೋಫಾದ ಹಿಂದೆ ಬಗ್ಗಿ ಆ ವೈರು ಕೀಳುತ್ತಿದ್ದೆ. ಅವಳು ಹೋದ ಮೇಲೆ ಸಿಕ್ಕಿಸುತ್ತಿದ್ದೆ. ವಸಂತಿ ಒಮ್ಮೆ ನೋಡಿ, ಏನು ಮಾಡುತ್ತಿದ್ದೀರಿ ಎಂದು ಕೇಳಿದಳು. ಲೂಸ್ ಆಗಿದೆ ಎಂದೆ. ಹೀಗೆ ಎರಡು ಮಳೆಗಾಲ ಕಳೆದ ಮೇಲೆ ಅಕ್ಕ ತಾನಾಗಿಯೇ ಹೇಳಿದಳು, "ಆ ಸತ್ತ ಪೆಟ್ಗಿ ನಿಂಗ್ಯಾಕೆ? ನಂಗ್ ಕೊಡ್. ಅವ್ರ್ ಮುಟ್ಟಿದ್ದಲ್ದಾ." ಕೊಟ್ಟೆ. ಮಂಚದ ಪಕ್ಕ ಇಟ್ಟುಕೊಂಡು, ಮೇಲೆ ಭಾವನ ಲುಂಗಿಯನ್ನೇ ಹೊದಿಸಿದಳು.

ಆಮೇಲಿನದೆಲ್ಲ ನನ್ನ ಕಣ್ಣೆದುರೇ ಆಯಿತು. ಫೋನು ಯಾವಾಗಲೂ ಬಲಗಿವಿಗೇ ಹೋಗುತ್ತಿತ್ತು. ದಾರಿಯಲ್ಲಿ ಅವಳು ಯಾವಾಗಲೂ ನನ್ನ ಎಡಗಡೆಗೆ ಬಂದು ನಡೆಯತೊಡಗಿದಳು. ಏಲಂನಲ್ಲಿ ಕೂಗು ತಪ್ಪಿ ಹೋಗುತ್ತದೆ, ಬೇರೆಯವರು ಹಿಡಿದುಕೊಂಡು ಹೋಗುತ್ತಾರೆ ಎಂದಳು. ತಲೆ ತಿರುಗುತ್ತದೆ ಎಂದಳು. ಬಿಸಿಲು ಅಕ್ಕ, ನೀರು ಕುಡಿ ಎಂದೆ. ಒಂದು ಬೆಳಿಗ್ಗೆ ಬಂದರಿನಲ್ಲಿ ತುಂಬಿದ ಬುಟ್ಟಿ ಸಮೇತ ಎಡಕ್ಕೆ ವಾಲಿ ಬಿದ್ದಳು. ಮೀನೆಲ್ಲ ಚೆಲ್ಲಿತಂತೆ. ಶ್ವೇತಾ ಶಿರೂರಿನಿಂದ ಓಡಿಬಂದು, ನನ್ನನ್ನು ಕೇಳದೆ, ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನಾನು ಹಿಂದಿನಿಂದ ಹೋದೆ.

ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದರು: ಕಿವಿಯ ನರದ ಮೇಲೆ ಗಂಟು ಬೆಳೆದಿದೆ. ಕ್ಯಾನ್ಸರ್ ಅಲ್ಲ. ನಿಧಾನ ಬೆಳೆಯುವಂಥದ್ದು, ಆದರೆ ಈಗ ದೊಡ್ಡದಾಗಿ ಮಿದುಳನ್ನು ಒತ್ತುತ್ತಿದೆ. ತೆಗೆಯಲೇಬೇಕು. ಮುಖದ ನರ ಅದಕ್ಕೆ ಅಂಟಿಕೊಂಡಿದೆ, ಉಳಿಯುತ್ತದೆಂದು ಹೇಳಲಾಗುವುದಿಲ್ಲ. ಇದರ ಮೊದಲ ಗುರುತೇ ಒಂದು ಕಿವಿ ಮಂದವಾಗುವುದು. "ಎಡಗಿವಿ ಕೇಳಿಸದೆ ಎಷ್ಟು ಕಾಲವಾಯಿತು?"

ಅಕ್ಕ ನನ್ನ ಕಡೆ ಕೈ ತೋರಿಸಿದಳು. "ನಂಗ್ ಗೊತ್ತಾತಿಲ್ಲ ಡಾಕ್ಟ್ರೆ. ಇವನತ್ರ ಕೇಣಿ. ಇವ ಓದಿದವ."

ಡಾಕ್ಟರು ನನ್ನ ಕಡೆ ತಿರುಗಿದರು. ಶ್ವೇತಾ ತಿರುಗಿದಳು. ಯಾವ ಮಧ್ಯಾಹ್ನ, ಸೋಫಾದ ಯಾವ ಜಾಗ, ಯಾವ ಕೈ ಯಾವ ಕೆನ್ನೆಯ ಮೇಲೆ — ಎಲ್ಲ ನನಗೆ ಗೊತ್ತಿತ್ತು. ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ಇತ್ತೀಚೆಗೆ ಇರಬೇಕು ಸರ್," ಎಂದೆ.

ಮೊದಲನೆಯ ಸುಳ್ಳಿಗೆ ಏನಾಗುತ್ತದೆಂದು ತಿಳಿದಿರಲಿಲ್ಲ ಎನ್ನಬಹುದು. ಇದಕ್ಕೆ ಹಾಗೆ ಹೇಳುವ ಹಾಗೂ ಇಲ್ಲ. ಹೊರಗೆ ಬರುವಾಗ ಶ್ವೇತಾ ಕೇಳಿದಳು, ಮೊದಲೇ ಬಂದಿದ್ದರೆ? ಡಾಕ್ಟರು ಸುಮ್ಮನೆ, ಬೇಸರವಿಲ್ಲದೆ ಹೇಳಿದರು — ಚಿಕ್ಕದಿದ್ದಾಗ ಸಿಕ್ಕಿದ್ದರೆ ದಾರಿ ಬೇರೆ ಇತ್ತಮ್ಮ, ಮುಖ ಉಳಿಸಬಹುದಿತ್ತು.

ಮುಖ ಉಳಿಯಲಿಲ್ಲ. ಆಪರೇಷನ್ ಆದ ಮೇಲೆ ಅಕ್ಕನ ಮುಖದ ಎಡಭಾಗ ಜೋತುಬಿತ್ತು. ಎಡಗಣ್ಣು ಮುಚ್ಚುವುದಿಲ್ಲ, ಮಲಗುವಾಗ ಮದ್ದು ಹಾಕಿ ಪಟ್ಟಿ ಅಂಟಿಸಬೇಕು. ಚಾ ಕುಡಿದರೆ ತುಟಿಯ ಎಡತುದಿಯಿಂದ ಇಳಿಯುತ್ತದೆ, ಅವಳು ಸೆರಗಿನಲ್ಲಿ ಒರೆಸಿಕೊಳ್ಳುತ್ತಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ಬುಟ್ಟಿಯನ್ನು ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಳು.

ಮತ್ತೆ, ಅಕ್ಕ ಈಗ ಮೆಲ್ಲಗೆ ಮಾತಾಡುತ್ತಾಳೆ. ತುಟಿ ಹೇಳಿದಂತೆ ಕೇಳದ ಕಾರಣ ಮಾತು ಸೊಟ್ಟಗೆ ಬರುತ್ತದೆ, ಅದಕ್ಕೆ ನಾಚಿಕೆ ಅವಳಿಗೆ. ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. ಇಷ್ಟು ವರ್ಷ ನಾನು ಕೇಳಿಕೊಂಡಿದ್ದು ಇದನ್ನೇ.

ಒಂದು ಸಲ ಹೇಳಿದ್ದೇನೆ. ಅದನ್ನೂ ಮುಚ್ಚಿಡುವುದಿಲ್ಲ. ಹೋದ ತಿಂಗಳು ಬೀಜಾಡಿಗೆ ಹೋಗಿದ್ದೆ. ಅಕ್ಕ ಜಗಲಿಯಲ್ಲಿ ಕಾಲು ನೀಡಿ ಕೂತು ಒಣಸಿಗಡಿಯ ತಲೆ ಮುರಿಯುತ್ತಿದ್ದಳು. ಕಡಲಿನ ಸದ್ದು ಜೋರಾಗಿತ್ತು. ನಾನು ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದೆ — ಪೆಟ್ಟಿಗೆ, ವೈರು, ಬಸ್ಸು, ಡಾಕ್ಟರ ಪ್ರಶ್ನೆ, ಎಲ್ಲ. ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಅತ್ತೆ ಕೂಡ. ಮುಗಿಸಿದ ಮೇಲೆ ಅವಳು ನನ್ನ ಕಡೆ ತಿರುಗಿ, ನನ್ನ ತುಟಿ ಅಲುಗಿದ್ದು ಆಗಷ್ಟೇ ಕಂಡವಳ ಹಾಗೆ ಕೇಳಿದಳು:

"ಎಂತದಾರೂ ಹೇಳ್ದ್ಯಾ? ಈ ಬದಿಗ್ ಬಂದ್ ಹೇಳ್ ಮಾರಾಯ, ಆ ಬದಿ ಸತ್ತಿತಲ್ದಾ."

ನಾನು ಕೂತದ್ದು ಅವಳ ಎಡಗಡೆ. ತಿಳಿಯದೆ ಕೂತದ್ದಲ್ಲ. ಮೆಟ್ಟಿಲು ಹತ್ತುವಾಗಲೇ ಆ ಬದಿಯನ್ನು ಆರಿಸಿಕೊಂಡಿದ್ದೆ.

"ಎಂತ ಇಲ್ಲ ಅಕ್ಕ. ಸಿಗಡಿ ಒಳ್ಳೇದಿತ್ತ್ ಅಂದೆ," ಎಂದೆ. ಅವಳು ಒಂದು ಮುಷ್ಟಿ ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಒಳಗೆ ಮಂಚದ ಪಕ್ಕ ಪೆಟ್ಟಿಗೆ ಲುಂಗಿ ಹೊದ್ದು ಕೂತಿತ್ತು. ಭಾವ ಅಷ್ಟು ದೂರದಿಂದ ತಂದದ್ದನ್ನು ಉಪ್ಪುಗಾಳಿಗಿಟ್ಟು ಕೊಂದೆ ಎಂದು ಆ ದಿನವೂ ಒಂದು ಸಲ ಹೇಳಿದಳು. ಈಗ ಅದು ಅವಳ ಮಾತಿನ ರೂಢಿಯಾಗಿದೆ.

ನಾಳೆ ಭಾನುವಾರ. ಟಿ.ವಿ.ಯ ಹತ್ತಿರದ ಡಬ್ಬಿಯನ್ನೂ ಸೋಫಾದ ಹಿಂದಿನದನ್ನೂ ಬಿಚ್ಚಿ ಚೀಲದಲ್ಲಿ ಇಟ್ಟಿದ್ದೇನೆ, ಎರಡು ತುಂಡು ವೈರೂ ಇದೆ. ಭಾವನ ಕ್ಯಾಸೆಟ್ಟಿನಲ್ಲಿದ್ದಂಥದೇ ಒಂದು ಚೆಂಡೆಯ ಪೆಟ್ಟು ಫೋನಿನಲ್ಲಿದೆ. ಪೆಟ್ಟಿಗೆ ನುಡಿಯುತ್ತದೆ, ನನಗೆ ಅನುಮಾನವಿಲ್ಲ. ಅದು ಯಾವತ್ತೂ ಸತ್ತಿರಲಿಲ್ಲ. ಉಳಿದ ಒಂದು ಕಿವಿಯಿಂದ ಅಕ್ಕ ಅದನ್ನು ಕೇಳುತ್ತಾಳೆ. ಕೇಳಿದ ಮೇಲೆ ನನ್ನ ಮುಖ ನೋಡುತ್ತಾಳೆ. ಆಗ ಅವಳು ಕೇಳುವ ಪ್ರಶ್ನೆ ಯಾವುದೆಂದು ನನಗೆ ಗೊತ್ತು, ಅವಳು ಅದನ್ನು ಒಮ್ಮೆ ಕೇಳಿದ್ದಾಳೆ.

ಕ್ಷಮಿಸು ಎಂದು ಹೇಳುವುದಿಲ್ಲ. ಹೇಳಿದರೆ ಕ್ಷಮಿಸಿಬಿಡುತ್ತಾಳೆ, ಅವಳು ಅಂಥವಳು; ಅಷ್ಟು ಸುಲಭದಲ್ಲಿ ನನಗೆ ಅದು ಸಿಗಬಾರದು. ಶ್ವೇತಾಳನ್ನೂ ಬರಹೇಳಿದ್ದೇನೆ. ಅವಳು ಕ್ಷಮಿಸುವುದಿಲ್ಲ.

ಮೆಟ್ಟಿಲು ಹತ್ತಿ, ಜಗಲಿ ಸುತ್ತಿ, ಅಕ್ಕನ ಬಲಗಡೆ ಹೋಗಿ ಕೂರುತ್ತೇನೆ.